ಮುಟ್ಟದ ಕಾಗದ

ಕೋರ್ಟಿನ ಮಾತಿಗೆ ಅರ್ಥ ಬೇಕಾದರೆ ಆ ಊರಿನವರು ವಕೀಲರ ಬಾಗಿಲಿಗೆ ಹೋಗುತ್ತಿರಲಿಲ್ಲ, ಕೆಂಪಯ್ಯನ ಜಗಲಿಗೆ ಬರುತ್ತಿದ್ದರು. ರಾಮನಗರದಿಂದ ಕೂಟಗಲ್ಲಿನ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಬಂಡೆಗಳಿಗೂ ಹಿಪ್ಪುನೇರಳೆ ತೋಟಗಳಿಗೂ ನಡುವೆ ಇದ್ದ ಸಣ್ಣ ಊರು ಅದು. ಕೆಂಪಯ್ಯ ಕನ್ನಡವನ್ನೇ ಬೆರಳಿಟ್ಟು ಓದುವವನು. ಆದರೆ ವಯಸ್ಸಿನಲ್ಲಿದ್ದಾಗ ಪಕ್ಕದ ಹೊಲದವನ ಜೊತೆ ಒಂದು ಬದುವಿನ ವ್ಯಾಜ್ಯಕ್ಕೆ ಬಿದ್ದು, ಕೋರ್ಟಿನ ಮೆಟ್ಟಿಲು ಸವೆಸಿ, ಬದುವನ್ನು ಗೆಲ್ಲದಿದ್ದರೂ ಅಲ್ಲಿನ ಮಾತುಗಳನ್ನೆಲ್ಲ ಗೆದ್ದುಕೊಂಡು ಬಂದಿದ್ದ. ಅವನ ಹೆಗಲ ಮೇಲಿನ ವಲ್ಲಿ ಕೂಡ ಮುನ್ಸೀಫರನ್ನು ಕಂಡು ಬಂದ ಗತ್ತಿನಲ್ಲೇ ಇರುತ್ತಿತ್ತು.

ಅವನು ಬಿಡಿಸಿ ಹೇಳುತ್ತಿದ್ದದ್ದು ಚೆನ್ನಾಗಿಯೂ ಇರುತ್ತಿತ್ತು, ಇಲ್ಲವೆನ್ನಬಾರದು. ವಾದಿ ಅಂದರೆ ಮೊದಲು ಹೋಗಿ ದೂರು ಹೇಳಿದವನು, ಪ್ರತಿವಾದಿ ಅಂದರೆ ಆಮೇಲೆ ಹೋಗಿ ಬೆವರು ಒರೆಸಿಕೊಳ್ಳುವವನು. ವಾಯಿದೆ ಅಂದರೆ ಊಟಕ್ಕೆ ಕರೆದು, ಎಲೆ ಹಾಕಿ, ಅಡುಗೆ ಇನ್ನೂ ಆಗಿಲ್ಲ, ಮುಂದಿನ ತಿಂಗಳು ಬಾ ಎನ್ನುವುದು. ಕೇವಿಯಟ್ ಅಂದರೆ, ಯಾರಾದರೂ ನನ್ನ ಮೇಲೆ ಹೇಳಿಕೊಳ್ಳಲು ಬಂದರೆ ನನ್ನನ್ನೂ ಕರೆಯದೆ ಆರ್ಡರು ಮಾಡಬೇಡಿ ಎಂದು ಮುಂಚೆಯೇ ಕೋರ್ಟಿನ ಕಿವಿಗೆ ಹಾಕಿಡುವುದು. ಎಲ್ಲಕ್ಕಿಂತ ಊರಿಗೆ ಹಿಡಿಸಿದ್ದು ಸ್ಟೇಯ ಅರ್ಥ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಮುಟ್ಟದೆ, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುವುದಕ್ಕೆ ಆ ಕಡೆಯ ಜನ ಜ್ವರ ಎನ್ನುತ್ತಾರೆ. "ಸ್ಟೇ ಅಂದ್ರೆ ಹುಳ ಜ್ವರಕ್ಕೆ ಕೂತಂಗೆ ಕಣ್ರಲಾ," ಎನ್ನುತ್ತಿದ್ದ ಕೆಂಪಯ್ಯ. "ಸತ್ತಿಲ್ಲ, ತಿನ್ನಂಗೂ ಇಲ್ಲ. ಯಾರೂ ಮುಟ್ಟಬಾರ್ದು, ಅಷ್ಟೆ."

ರಾಮನಗರ ಬೇರೆ ಜಿಲ್ಲೆಯಾದ ಆಸುಪಾಸಿನ ವರ್ಷಗಳು ಅವು. ಬಿಡದಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದೇ ಊರು ದಾಟಿಕೊಂಡು ಬರುತ್ತಿದ್ದವು. ಬಿಳಿ ಕಾರುಗಳಲ್ಲಿ ಬಂದವರು ಹೊಲದ ಅಂಚಿನಲ್ಲಿ ನಿಂತು, ಬೆಟ್ಟ ನೋಡಲು ಬಂದವರ ಹಾಗೆ ನಟಿಸಿ, ಬೂಟಿನಲ್ಲಿ ಒಸಿ ಮಣ್ಣು ಕೆದಕಿ ಹೋಗುತ್ತಿದ್ದರು. ಅವರ ಹಿಂದೆಯೇ ಜಿಪಿಎ, ಅಗ್ರಿಮೆಂಟು, ಪಾರ್ಟಿಷನ್ನು ಎಂಬ ಮಾತುಗಳು ಬಂದವು. ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ವಾದಿ ಪ್ರತಿವಾದಿಗಳಾದರು. ಕೆಂಪಯ್ಯನ ಜಗಲಿಯಲ್ಲಿ ಕೂರಲು ಜಾಗ ಸಾಲದೆ ಹೋಯಿತು.

ಆ ಜಗಲಿಯ ಮೇಲೆ ಅವನು ಊರಿಗೆಲ್ಲ ಕಲಿಸಿದ ಇನ್ನೊಂದು ಮಾತಿತ್ತು. ಸಮನ್ಸನ್ನು ಕೈಗೆ ತೆಗೆದುಕೊಂಡರೆ ತಾನೆ ಕೇಸು, ತೆಗೆದುಕೊಳ್ಳದಿದ್ದರೆ ಕೇಸು ಹುಟ್ಟುವುದೇ ಇಲ್ಲ ಎನ್ನುತ್ತಿದ್ದ. "ಮುಟ್ಟದ ಕಾಗದಕ್ಕೆ ಜೀವ ಇಲ್ಲ," ಎಂದು ತೊಡೆ ತಟ್ಟಿ ಹೇಳುತ್ತಿದ್ದ. ಇದನ್ನು ಅವನು ಕಲಿತದ್ದು ಆ ಹಳೆಯ ಬದುವಿನ ವ್ಯಾಜ್ಯದಲ್ಲೇ. ಕೊನೆಗೊಮ್ಮೆ ಎದುರಾಳಿ ಹೊಸದಾಗಿ ದಾವೆ ಹಾಕಿ ಸಮನ್ಸಿನ ಜೊತೆ ಕೋರ್ಟಿನ ಅಮೀನನನ್ನು ಕಳಿಸಿದಾಗ ಕೆಂಪಯ್ಯ ಹುಲ್ಲಿನ ಮೆದೆಯ ಹಿಂದೆ ಹೋಗಿ ಕೂತುಬಿಟ್ಟಿದ್ದ. ಅಮೀನ ವಾಪಸು ಹೋದ, ಕೇಸಿನ ಸುದ್ದಿಯೇ ಮತ್ತೆ ಬರಲಿಲ್ಲ. ಅಸಲಿಗೆ ಆ ಬೇಸಿಗೆಯಲ್ಲಿ ಎದುರಾಳಿ ಎದೆನೋವಿನಿಂದ ತೀರಿಕೊಂಡಿದ್ದ, ಅವನ ಮಕ್ಕಳಿಗೆ ಬದುವಿನ ಉಸಾಬರಿ ಬೇಡವಾಗಿತ್ತು. ಸತ್ತವನಿಗೆ ಸಲ್ಲಬೇಕಾದ್ದನ್ನು ಕೆಂಪಯ್ಯ ಹುಲ್ಲಿನ ಮೆದೆಗೆ ಸಲ್ಲಿಸಿಬಿಟ್ಟ.

ಅವನ ಸೊಸೆ ಸಿದ್ದಮ್ಮನಿಗೆ ಈ ಕೋರ್ಟಿನ ಪುರಾಣಗಳಲ್ಲಿ ಆಸಕ್ತಿ ಇರಲಿಲ್ಲ. ಅವಳು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಹೆಣ್ಣು, ಹುಳ ಸಾಕುವವರ ಮನೆಯಲ್ಲೇ ಹುಟ್ಟಿದವಳು. ಅವಳ ಕೈಗೆ ಬಂದ ಹುಳದ ಬೆಳೆ ಕೆಟ್ಟದ್ದು ಅಪರೂಪ. ತನಗೆ ಗೊತ್ತಿರುವುದು ಒಂದೇ ಕಾನೂನು, ಅದು ತನ್ನ ಅವ್ವ ಹೇಳಿಕೊಟ್ಟದ್ದು ಎನ್ನುತ್ತಿದ್ದಳು: ಮನೆಯಲ್ಲಿ ಬೆಳೆ ಇರುವಾಗ ಹೊರಗಿನವರ ಕಾಲು ಹೊಸ್ತಿಲು ದಾಟಬಾರದು, ಹೊರಗಿನವರ ಕೈಯಿಂದ ಏನನ್ನೂ ಇಸಿದುಕೊಳ್ಳಬಾರದು. ಹುಳಕ್ಕೆ ಬರುವ ರೋಗ ಕಾಲಿನಲ್ಲೂ ಕೈಯಲ್ಲೂ ಬರುತ್ತದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಹೊಸ್ತಿಲಿನ ಆಚೆ ಸುಣ್ಣದ ಗೆರೆ ಎಳೆದಳೆಂದರೆ, ನಂಟರೇ ಬಂದರೂ ಗೆರೆಯ ಆಚೆಯೇ ನಿಂತು ಮಾತಾಡಿ ಹೋಗಬೇಕು. ಊರಿನ ಎಲ್ಲ ಮನೆಯಲ್ಲೂ ಈ ಪದ್ಧತಿ ಇತ್ತು, ಸಿದ್ದಮ್ಮನಲ್ಲಿ ಒಸಿ ಜಾಸ್ತಿ.

ಮಾವನ ಕಾನೂನು, ಸೊಸೆಯ ಕಾನೂನು ಒಂದೇ ಬಾಗಿಲಲ್ಲಿ ಸೇರಿದ್ದು ಅಮೀನರು ಬಂದ ದಿನ. ಕೋರ್ಟಿನ ಕಾಗದ ಮನೆಮನೆಗೆ ಮುಟ್ಟಿಸುವ ಆ ಅಮೀನರ ಹೆಸರು ಶುಕೂರ್ ಸಾಬರು. ನಿವೃತ್ತಿಗೆ ಹತ್ತಿರವಾಗಿದ್ದ ಸಮಾಧಾನದ ಮನುಷ್ಯ. ಮೊಪೆಡ್ಡನ್ನು ಸುಣ್ಣದ ಗೆರೆಯ ಆಚೆಯೇ ನಿಲ್ಲಿಸಿ ಕೆಂಪಯ್ಯನ ಹೆಸರು ಹಿಡಿದು ಕೂಗಿದರು. ಕೆಂಪಯ್ಯ ಒಳಗೆ ಹುಳದ ತಟ್ಟೆಗಳ ಸಾಲಿನ ಹಿಂದೆ ಸರಿದುಕೊಂಡು ಸೊಸೆಗೆ ಕೈಸನ್ನೆ ಮಾಡಿದ. ಸನ್ನೆ ಮಾಡದಿದ್ದರೂ ಅವಳು ಅದನ್ನೇ ಹೇಳುತ್ತಿದ್ದಳು. ಬೆಳೆ ಐತೆ, ಏನೂ ಇಸ್ಕಳಕ್ಕಿಲ್ಲ ಎಂದು ಬಾಗಿಲ ಸಂದಿಯಿಂದಲೇ ಹೇಳಿ ಕಳಿಸಿದಳು. ಇಸಿದುಕೊಳ್ಳುವುದು ಒಳ್ಳೆಯದಮ್ಮ ಎಂದು ಅವರು ಎರಡು ಸಲ ಹೇಳಿದರು. ಆಮೇಲೆ ಮೊಪೆಡ್ಡಿನ ಸೀಟಿನ ಮೇಲೆ ಏನನ್ನೋ ಬರೆದು, ದಾರಿಯಲ್ಲಿ ಹೋಗುತ್ತಿದ್ದವರಿಂದ ರುಜು ಹಾಕಿಸಿ, ಬಾಗಿಲ ಪಕ್ಕದ ಗೋಡೆಗೆ ಒಂದು ಪ್ರತಿ ಅಂಟಿಸಿ ಹೋದರು.

ಬೆಳೆ ಮುಗಿದ ಮೇಲೆ ಮನೆ ತೊಳೆದು, ಔಷಧಿ ಹೊಡೆದು, ಗೋಡೆಗೆ ಸುಣ್ಣ ಬಳಿಯುವುದು ವಾಡಿಕೆ. ಆ ಕಾಗದದ ಮೇಲೂ ಸುಣ್ಣ ಬಳಿದರು. ಅಮೀನರು ಮತ್ತೆ ಬಂದರು. ಆಗಲೂ ಮನೆಯಲ್ಲಿ ಬೆಳೆ ಇತ್ತು. ವರ್ಷವಿಡೀ ಒಂದು ಬೆಳೆ ಇಳಿಯುತ್ತಲೇ ಇನ್ನೊಂದು ಏರುವ ಮನೆಯಲ್ಲಿ ಬೇರೆ ಏನಿರುತ್ತದೆ? ಮತ್ತೊಂದು ಕಾಗದ, ಮತ್ತೊಂದು ಸುಣ್ಣ. ಈ ನಡುವೆ ಒಂದು ದಿನ ಅಳತೆಯವರು ಬಂದು ರಸ್ತೆ ಪಕ್ಕದ ತೋಟದಲ್ಲಿ ಸರಪಳಿ ಎಳೆದು, ಅಂಚಿನ ಕಲ್ಲುಗಳಿಗೆ ಕೆಂಪು ಬಣ್ಣ ಬಳಿದು ಹೋದರು. ಆ ಕಾಲದಲ್ಲಿ ಯಾರು ಯಾವ ಹೊಲ ಅಳೆದರೂ ಯಾರೂ ಕೇಳುತ್ತಿರಲಿಲ್ಲ, ರಸ್ತೆ ಅಗಲ ಮಾಡುವವರು ಇರಬೇಕು ಎಂದುಕೊಳ್ಳುತ್ತಿದ್ದರು. ಕೆಂಪಯ್ಯ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ. ಸಿದ್ದಮ್ಮ ಮಾತ್ರ ಸೊಪ್ಪು ಕೊಯ್ಯುವಾಗ ಕೈ ನಿಲ್ಲಿಸಿ ಆ ಕೆಂಪು ಕಲ್ಲುಗಳನ್ನೇ ಮತ್ತೆ ಮತ್ತೆ ನೋಡುತ್ತಿದ್ದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಡೈರಿಯ ಅಂಗಳದಲ್ಲಿ. ಸುಚಿತ್ರಾ ಎಂಬ ವಕೀಲೆ ರಾಮನಗರದಿಂದ ಕಾನೂನು ಅರಿವು ಶಿಬಿರಕ್ಕೆಂದು ಬಂದಿದ್ದಳು. ಬಸ್ಸಿನಲ್ಲಿ ಬಂದವಳು, ಮೈಕು ಬೇಡವೆಂದವಳು. ಹಾಲು ಹಾಕಲು ಬಂದ ಹೆಂಗಸರ ನಡುವೆ ಕಟ್ಟೆಯ ಮೇಲೆ ಕೂತು, ಕೋರ್ಟಿನ ಯಾವ ಮಾತು ನಿಮಗೆ ಭಯ ಹುಟ್ಟಿಸುತ್ತದೆ ಹೇಳಿ, ಅದನ್ನೇ ಬಿಡಿಸೋಣ ಎಂದಳು. ಸಿದ್ದಮ್ಮನ ಪಕ್ಕದ ಮನೆಯ ಯಲ್ಲಮ್ಮ ನಕ್ಕುಬಿಟ್ಟಳು. ನಮ್ಮೂರಿಗೆ ನೀವು ಬಂದದ್ದು ತಡವಾಯಿತು, ನಮಗೆ ಕೆಂಪಯ್ಯ ಎಲ್ಲ ಹೇಳಿಕೊಟ್ಟಿದ್ದಾನೆ ಎಂದು ಸ್ಟೇಯ ಅರ್ಥ ಹೇಳಿ ತೋರಿಸಿದಳು. ಸುಚಿತ್ರಾಳಿಗೆ ಅದು ಎಷ್ಟು ಹಿಡಿಸಿತೆಂದರೆ ಮತ್ತೊಮ್ಮೆ ಹೇಳಿಸಿ ಕೇಳಿದಳು. ಮಾವನ ಬಗ್ಗೆ ಸಿದ್ದಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು.

ಹುರುಪು ಏರಿದ ಯಲ್ಲಮ್ಮ ಮುಟ್ಟದ ಕಾಗದದ ಮಾತನ್ನೂ ಹೇಳಿದಳು. ಸುಚಿತ್ರಾಳ ಮುಖದ ನಗು ಅಲ್ಲಿಗೆ ನಿಂತಿತು.

"ಅದು ಹಾಗಲ್ಲ," ಎಂದಳು. "ಇಸ್ಕೊಳ್ಳಲ್ಲ ಅಂದ್ರೆ ಇಸ್ಕೊಂಡ ಹಾಗೇ ಲೆಕ್ಕ."

ಅವಳು ನಿಧಾನವಾಗಿ ಬಿಡಿಸಿದಳು. ಸಮನ್ಸ್ ಅಂದರೆ ಕರೆ: ನಿನ್ನ ಮೇಲೆ ಒಬ್ಬರು ದಾವೆ ಹಾಕಿದ್ದಾರೆ, ಬಂದು ನಿನ್ನ ಮಾತು ಹೇಳು ಎಂಬ ಕರೆ. ಬೇಡವೆಂದರೆ ಅಮೀನರು 'ನಿರಾಕರಿಸಿದರು' ಎಂದು ಬರೆದು, ಬಾಗಿಲ ಹತ್ತಿರ ಅಂಟಿಸಿ, ಕೋರ್ಟಿಗೆ ತಿಳಿಸುತ್ತಾರೆ. ಕರೆ ಮುಟ್ಟಿತು ಎಂದೇ ಕೋರ್ಟು ತಿಳಿಯುತ್ತದೆ. ವಾಯಿದೆಯ ದಿನ ಹೆಸರು ಹಿಡಿದು ಕೂಗಿಸುತ್ತದೆ. ಓಗೊಡುವವರು ಇಲ್ಲದಿದ್ದರೆ ಏಕಪಕ್ಷೀಯ, ಎಂದರೆ ಬಂದವನ ಮಾತನ್ನಷ್ಟೇ ಕೇಳುವುದು. ಅವನು ತಂದದ್ದನ್ನು ನೋಡಿ, ಸುಳ್ಳೆನ್ನುವವರು ಯಾರೂ ಇಲ್ಲವಾದ್ದರಿಂದ, ಯಾರಿಗೆ ಏನು ಸೇರಬೇಕೆಂದು ಕೊಡುವ ತೀರ್ಮಾನವೇ ಡಿಕ್ರಿ. ಡಿಕ್ರಿ ಕಾಗದದ ಮೇಲೆ ಇರುವ ಮಾತು. ಆ ಮಾತನ್ನು ನೆಲದ ಮೇಲೆ ಮಾಡಿ ತೋರಿಸುವುದು ಅಮಲ್ಜಾರಿ.

"ಅಮಲ್ಜಾರಿಗೆ ಬರುವಾಗ ಅಮೀನರು ಒಬ್ಬರೇ ಬರಲ್ಲ," ಎಂದಳು ಸುಚಿತ್ರಾ. "ಪೊಲೀಸರು ಜೊತೆಗಿರ್ತಾರೆ."

ಸಿದ್ದಮ್ಮ ಹಾಲಿನ ಕ್ಯಾನು ಕೆಳಗಿಟ್ಟಳು. ಮನೇಲಿ ಬೆಳೆ ಐತೆ, ಅದಕ್ಕೇ ಇಸ್ಕಳಕ್ಕಿಲ್ಲ ಅಂತ ಹೇಳಿದ್ರೆ ಎಂದು ಕೇಳಿದಳು.

"ಅದನ್ನ ಯಾರೂ ಬರ್ಕೊಳ್ಳಲ್ಲಕ್ಕ. ಇಸ್ಕೊಂಡ್ರಾ, ಇಲ್ವಾ, ಅಷ್ಟೇ."

ಅಂಗಳದಲ್ಲಿ ಆಮೇಲೆ ಯಾರೂ ನಗಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನೋಡಿಕೊಂಡದ್ದು ಗೊತ್ತಾಗಬಾರದೆಂದು ಸೆರಗು ಸರಿಪಡಿಸಿಕೊಂಡರು. ಎಷ್ಟು ಮನೆಗಳ ಬಾಗಿಲಿಂದ ಅಮೀನರು ವಾಪಸು ಹೋಗಿದ್ದರೋ ಯಾರಿಗೆ ಗೊತ್ತು.

ಮನೆಗೆ ಬಂದ ಸಿದ್ದಮ್ಮ ಒಳಗೆ ಹೋಗಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮುಂದೆ ನಿಂತಳು. ಬೆಳಗಿನ ಓರೆ ಬಿಸಿಲಿಗೆ ಸುಣ್ಣದ ಅಡಿಯಲ್ಲಿ ಚೌಕಗಳು ಉಬ್ಬಿ ಕಾಣುತ್ತಿದ್ದವು, ಒಂದರ ಅಂಚಿನ ಮೇಲೆ ಇನ್ನೊಂದು. ದಿನಕ್ಕೆ ಹತ್ತು ಸಲ ಓಡಾಡುವ ಬಾಗಿಲು. ಇಷ್ಟು ದಿನ ಇವು ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಬೆರಳಿಟ್ಟು ಸವರಿದಳು.

ಕೆಂಪಯ್ಯ ಒಪ್ಪಲಿಲ್ಲ. ನಿನ್ನೆ ಮೊನ್ನೆ ಕರಿಕೋಟು ಹಾಕಿದ ಹುಡುಗಿಗೆ ಏನು ಗೊತ್ತು, ನಾನು ಎಂಥೆಂಥ ವಕೀಲರನ್ನು ಕಂಡಿದ್ದೇನೆ ಎಂದು ರೇಗಿದ. ಸಿದ್ದಮ್ಮ ಜಗಳಕ್ಕೆ ನಿಲ್ಲಲಿಲ್ಲ. ನಮ್ಮ ಮೇಲೆ ದಾವೆ ಹಾಕುವಂಥವರು ಯಾರಿದ್ದಾರೆ ಹೇಳಿ ಮಾವ ಎಂದಷ್ಟೇ ಕೇಳಿದಳು. ಇಬ್ಬರಿಗೂ ಒಂದೇ ಹೆಸರು ಹೊಳೆಯಿತು: ಹೊಂಬಯ್ಯ.

ಹೊಂಬಯ್ಯ ಕೆಂಪಯ್ಯನ ಅಣ್ಣನ ಮಗ, ಮಾಗಡಿಯಲ್ಲಿ ನೆಲೆಸಿದ್ದವನು. ಅಣ್ಣತಮ್ಮಂದಿರು ಹಿಂದೆಯೇ ಊರಿನ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡಿದ್ದರು. ಗುಡ್ಡದ ಕಡೆಯ ಹೊಲ ಅಣ್ಣನಿಗೆ, ಕೆಳಗಿನದು ತಮ್ಮನಿಗೆ. ಆಗ ಕೆಳಗಿನದಕ್ಕೆ ಬೆಲೆಯೇನೂ ಇರಲಿಲ್ಲ, ಚೌಳು ನೆಲ. ಕೆಂಪಯ್ಯ, ಆಮೇಲೆ ಮಗ ಸೊಸೆ, ಗೊಬ್ಬರ ಹೊತ್ತು, ಬೋರು ಹಾಕಿಸಿ, ಹಿಪ್ಪುನೇರಳೆ ಎಬ್ಬಿಸಿದರು. ಅದರ ಪಕ್ಕದಲ್ಲೇ ಈಗ ರಸ್ತೆ ಬಂದಿತ್ತು. ಹಿರಿಯರೆಲ್ಲ ಮಣ್ಣು ಸೇರಿದ್ದರು, ದಾಖಲೆಯಲ್ಲಿ ಜಮೀನು ಜಂಟಿಯಾಗೇ ಇತ್ತು. ಹೋದ ತಿಂಗಳು ಒಂದು ಮದುವೆಗೆ ಹೊಂಬಯ್ಯ ಯಾವುದೋ ಕಂಪನಿಯವರ ಕಾರಿನಲ್ಲಿ ಬಂದಿಳಿದದ್ದನ್ನು ಸಿದ್ದಮ್ಮ ಕಣ್ಣಾರೆ ಕಂಡಿದ್ದಳು. ಮಾತಾಡಿಸಿದರೆ ಗಡಿಬಿಡಿಯಲ್ಲಿ ಜಾರಿಕೊಂಡಿದ್ದ.

ಸಿದ್ದಮ್ಮನ ಗಂಡ ದೇವರಾಜು ಗೂಡಿನ ಮಾರುಕಟ್ಟೆಗೆ ಟೆಂಪೋ ಓಡಿಸುವವನು. ಅಪ್ಪನ ಮಾತಿಗೆ ಎದುರಾಡಿದವನಲ್ಲ. ಆವತ್ತು ಹೆಂಡತಿಯ ಮುಖ ನೋಡಿ ಏನೂ ಕೇಳದೆ ಹೊರಟ. ಸುಚಿತ್ರಾಳನ್ನು ಜೊತೆಗಿಟ್ಟುಕೊಂಡು ಕೋರ್ಟಿನಲ್ಲಿ ವಿಚಾರಿಸಿ ಸಂಜೆಗೆ ಬಂದವನು ಕೊಟ್ಟ ನೀರನ್ನು ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಹೇಳಿದ. ಭಾಗವೇ ಆಗಿಲ್ಲ, ಪಾಲು ಕೊಡಿಸಿ ಎಂದು ಹೊಂಬಯ್ಯ ದಾವೆ ಹಾಕಿದ್ದ. ಪ್ರತಿವಾದಿ ಬರಲೇ ಇಲ್ಲ. ಏಕಪಕ್ಷೀಯ ಆಯಿತು, ಡಿಕ್ರಿ ಆಯಿತು. ಕೋರ್ಟು ಕಳಿಸಿದ ಅಳತೆಯವರು ಬಂದು ಜಮೀನನ್ನು ಎರಡು ಹೋಳು ಮಾಡಿ ನಕ್ಷೆ ಬರೆದರು. ಅದಕ್ಕೆ ತಕರಾರಿದ್ದರೆ ಹೇಳಿ ಎಂಬ ಕಾಗದವೂ ಬಂತು, ಅದನ್ನೂ ಇಸಿದುಕೊಳ್ಳಲಿಲ್ಲ. ಗುಡ್ಡದ ಕಲ್ಲು ಹೊಲ ಕೆಂಪಯ್ಯನಿಗೆ, ರಸ್ತೆ ಪಕ್ಕದ ತೋಟ ಬೋರಿನ ಸಮೇತ ಹೊಂಬಯ್ಯನಿಗೆ. ಅವನು ಅದನ್ನು ಕಂಪನಿಗೆ ಬರೆದುಕೊಟ್ಟೂ ಆಗಿತ್ತು. ಸ್ವಾಧೀನ ಕೊಡಿಸಲು ವಾರಂಟು ಹೊರಟಿತ್ತು.

"ಏಕಪಕ್ಷೀಯ ರದ್ದು ಮಾಡಿ ಅಂತ ಸುಚಿತ್ರಮ್ಮ ಅರ್ಜಿ ಹಾಕ್ತಾರಂತೆ," ಎಂದ ದೇವರಾಜು. "ಅದು ತೀರ್ಮಾನ ಆಗೋಗಂಟ ಸ್ಟೇ ಕೇಳ್ತಾರಂತೆ. ನಾಳೀಕೇ ಓಗ್ಬೇಕು."

ಕೆಂಪಯ್ಯ ಎಲ್ಲ ಕೇಳಿಸಿಕೊಂಡ. ಎದ್ದು ಬಾಗಿಲ ಆಚೆ ಹೋಗಿ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯತೊಡಗಿದ. ಕಾಗದ ಚೂರುಚೂರಾಗಿ, ಸುಣ್ಣಕ್ಕೆ ಕಚ್ಚಿಕೊಂಡೇ ಉದುರಿತು. ಒಂದು ಅಕ್ಷರವೂ ಉಳಿದಿರಲಿಲ್ಲ. ಬನ್ನಿ ಮಾವ, ಊಟ ಮಾಡಿ ಎಂದು ಸಿದ್ದಮ್ಮ ಕರೆದರೂ ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ.

ಒಳಗೆ ಹುಳಗಳು ಕಡೆಯ ಜ್ವರದಿಂದ ಎದ್ದಿದ್ದವು. ಹುಳದ ಬಾಳಿನಲ್ಲಿ ಅದೇ ದೊಡ್ಡ ಹಸಿವು. ಆಮೇಲೆ ಒಂದು ವಾರ ತಿಂದದ್ದೇ ತಿಂದದ್ದು, ತಿಂದದ್ದೆಲ್ಲ ನೂಲು. ಸೊಪ್ಪು ಹಾಸಿದಷ್ಟು ಹೊತ್ತು ಮನೆತುಂಬ ಸಣ್ಣ ಮಳೆಯ ಸದ್ದು. ಸಾಮಾನ್ಯವಾಗಿ ಆ ಸದ್ದು ಕೇಳಿದರೆ ಸಿದ್ದಮ್ಮನಿಗೆ ಎದೆ ತುಂಬುತ್ತಿತ್ತು. ಆವತ್ತು ಭಯವಾಯಿತು. ಇಷ್ಟು ಬಾಯಿಗಳಿಗೆ ಅನ್ನ ಇರುವುದು ಆ ಕೆಂಪು ಕಲ್ಲುಗಳ ಒಳಗೆ.

ಬೆಳಿಗ್ಗೆ ದೇವರಾಜು ಮೊದಲ ಬಸ್ಸಿಗೆ ಹೋದ. ಸಿದ್ದಮ್ಮ ಮುಂಜಾನೆ ಕೊಯ್ದಿದ್ದ ಸೊಪ್ಪನ್ನು ತಟ್ಟೆಗಳಿಗೆ ಹಾಸಿ, ಮತ್ತೊಂದು ಹೊರೆ ತರಲು ಕುಡುಗೋಲು ತೆಗೆದುಕೊಳ್ಳುವಾಗ ತೋಟದ ಕಡೆಯಿಂದ ತಮಟೆ ಕೇಳಿಸಿತು. ಹಬ್ಬವಲ್ಲ, ಊರಿನಲ್ಲಿ ಸಾವೂ ಆಗಿರಲಿಲ್ಲ. ಬೆಳೆಯ ದಿನಗಳಲ್ಲಿ ಆ ಊರಿನಲ್ಲಿ ಯಾರೂ ಸುಮ್ಮನೆ ತಮಟೆ ಮುಟ್ಟುತ್ತಿರಲಿಲ್ಲ. ಜಗಲಿಯ ಮೇಲಿದ್ದ ಕೆಂಪಯ್ಯ ತಟ್ಟನೆ ಎದ್ದು ನಿಂತ. ಅವನಿಗೆ ಆ ಸದ್ದಿನ ಅರ್ಥ ಗೊತ್ತಿತ್ತು. ಕೋರ್ಟು ಜಮೀನನ್ನು ಬಿಡಿಸಿ ಇನ್ನೊಬ್ಬರ ಸ್ವಾಧೀನಕ್ಕೆ ಕೊಡುವಾಗ ಹಾಗೆ ತಮಟೆ ಹೊಡೆಸಿ ಸಾರುವುದುಂಟು ಎಂದು ಅವನೇ ಎಷ್ಟೋ ಸಲ ಜಗಲಿಯಲ್ಲಿ ಹೇಳಿದ್ದ.

ಅವರು ಹೋಗುವ ಹೊತ್ತಿಗೆ ಜೆಸಿಬಿ ತೋಟದೊಳಗೆ ಇಳಿದಿತ್ತು. ಪೊಲೀಸರು ರಸ್ತೆಯ ಬದಿಯಲ್ಲಿ ನಿಂತಿದ್ದರು. ಶುಕೂರ್ ಸಾಬರು ಪಂಚರ ಎದುರಿಗೆ ಪಂಚನಾಮೆ ಬರೆಸುತ್ತಿದ್ದರು. ಕೆಂಪಯ್ಯ ವಲ್ಲಿ ಕೊಡವಿ ತನಗೆ ಗೊತ್ತಿದ್ದ ಮಾತುಗಳನ್ನೆಲ್ಲ ಹೇಳಿದ. ಸ್ಟೇ ಬರುತ್ತಿದೆ ಎಂದ, ರದ್ದು ಅರ್ಜಿ ಎಂದ, ಅಪೀಲು ಎಂದ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಾಬರು ಪೂರ್ತಿ ಕೇಳಿಸಿಕೊಂಡರು.

"ಆರ್ಡರ್ ಕೈಲಿ ಇದ್ರೆ ತೋರ್ಸಿ, ಈಗ್ಲೇ ನಿಲ್ಲಿಸ್ತೀನಿ," ಎಂದರು. "ಎಷ್ಟು ಸಲ ಬಂದೆ ಕೆಂಪಯ್ಯನೋರೆ ನಿಮ್ಮ ಬಾಗಿಲಿಗೆ. ಒಂದು ಸಲ ಇಸ್ಕೊಂಡಿದ್ರೆ ನೀವು ಅಲ್ಲಿ ಕೋರ್ಟಲ್ಲಿ ನಿಂತಿರ್ತಿದ್ರಿ. ನಾನು ಇಲ್ಲಿ ನಿಂತಿರ್ತಿರಲಿಲ್ಲ."

ಕೆಂಪಯ್ಯ ಬದುವಿನ ಮೇಲೆ ಕುಸಿದು ಕೂತ.

ಸಿದ್ದಮ್ಮ ಸಾಲುಗಳು ಬುಡಸಮೇತ ಮಗುಚುವುದನ್ನು ನೋಡಿದಳು. ಅಳು ಬರಲಿಲ್ಲ. ತಲೆಯಲ್ಲಿ ಒಂದೇ ಲೆಕ್ಕ: ಮಧ್ಯಾಹ್ನದ ಮೇವು, ರಾತ್ರಿಯ ಮೇವು. ಊರಿಗೆಲ್ಲ ಒಂದೇ ಕಡೆಯಿಂದ ಒಂದೇ ದಿನ ಮರಿಹುಳ ಬಂದಿದ್ದರಿಂದ ಎಲ್ಲರ ಮನೆಯಲ್ಲೂ ಈಗ ಅದೇ ಹಸಿವು, ಯಾರ ತೋಟದಲ್ಲೂ ಕೊಡುವಷ್ಟು ಸೊಪ್ಪಿಲ್ಲ. ಅವಳು ಕಂಪನಿಯ ಮೇಲ್ವಿಚಾರಕನ ಮುಂದೆ ಹೋಗಿ ನಿಂತು, ಬಿದ್ದ ಸೊಪ್ಪನ್ನಾದರೂ ತೆಗೆದುಕೊಂಡು ಹೋಗುತ್ತೇನೆ ಎಂದಳು. ಅವನಿಗೆ ಸೊಪ್ಪು ಕಟ್ಟಿಕೊಂಡು ಆಗಬೇಕಾದ್ದೇನೂ ಇರಲಿಲ್ಲ. ಯಂತ್ರ ನಿಂತ ಮೇಲೆ ಬಂದು ಒಯ್ಯಿರಿ ಎಂದ. ಅಷ್ಟು ಹೊತ್ತು ಬಿಸಿಲಿಗೆ ಬಿದ್ದರೆ ಸೊಪ್ಪು ಸೊರಗುತ್ತದೆ, ಆದರೂ ನೀರು ಚಿಮುಕಿಸಿ ನೆರಳಲ್ಲಿ ಹರವಿದರೆ ಒಂದೆರಡು ದಿನ ದೂಡಬಹುದು ಎಂದು ಸಿದ್ದಮ್ಮ ಎಣಿಸಿದಳು. ಅಷ್ಟರಲ್ಲಿ ಸ್ಟೇ ಬಂದರೆ, ಆಮೇಲೆ ಹೇಗೋ ಆಗುತ್ತದೆ.

ಬಿಸಿಲು ಇಳಿಮುಖವಾದಾಗ ಯಂತ್ರ ನಿಂತಿತು. ಪೊಲೀಸರೂ ಅಮೀನರೂ ಹೊರಟುಹೋಗಿದ್ದರು. ಸಿದ್ದಮ್ಮ, ಯಲ್ಲಮ್ಮ ಹಗ್ಗ ಹಿಡಿದು ತೋಟಕ್ಕೆ ಇಳಿದರು. ಮೊದಲ ಹೊರೆ ಕಟ್ಟಿ ತಲೆಗೆ ಎತ್ತಿಕೊಳ್ಳುವಷ್ಟರಲ್ಲಿ ಮೇಲ್ವಿಚಾರಕ ಫೋನು ಕಿವಿಗೆ ಹಿಡಿದುಕೊಂಡೇ ಓಡಿಬಂದ. ಹೊರೆ ಕೆಳಗಿಡಿ ಎಂದ.

"ನಿಮ್ಮೋರೇ ತಂದಿರೋ ಆರ್ಡರು ಕಣಮ್ಮ. 'ಯಥಾಸ್ಥಿತಿ' ಅಂತೆ. ಈಗ ಹೆಂಗೈತೋ ಹಂಗೇ ಇರ್ಬೇಕು, ಒಂದು ಎಲೆ ಅಲ್ಲಾಡಂಗಿಲ್ಲ ಅಂತ ನಮ್ ಲಾಯರ್ ಹೇಳವ್ರೆ. ಆಮೇಲೆ ನಾವೇ ಎತ್ತಿಸಿದ್ವಿ ಅಂತ ನಮ್ ಮೇಲೇ ಹಾಕ್ತೀರ."

ಸಿದ್ದಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅವನು ಕೆಟ್ಟವನ ಹಾಗೂ ಕಾಣುತ್ತಿರಲಿಲ್ಲ, ಹೆದರಿದವನ ಹಾಗೆ ಕಾಣುತ್ತಿದ್ದ. ಬೇಡಿಕೊಂಡಳು. ಅವನು ಕೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಫೋಟೋ ತೆಗೆಸಿ, ಹೊರೆಯನ್ನೂ ಬಿಚ್ಚಿಸಿ ಹಾಕಿ, ಇಬ್ಬರು ಕಾವಲುಗಾರರನ್ನು ನಿಲ್ಲಿಸಿದ.

ದೇವರಾಜು ಮುಸ್ಸಂಜೆಗೆ ಬಂದ. ಅವರ ಮನೆಯಲ್ಲಿ ಫೋನು ಇರಲಿಲ್ಲ, ಬೆಳಿಗ್ಗೆ ತೋಟದಲ್ಲಿ ನಡೆದದ್ದು ಅವನಿಗೆ ತಿಳಿದಿರಲಿಲ್ಲ. ಗೆದ್ದ ಮುಖ ಹೊತ್ತುಕೊಂಡು ರಸ್ತೆಯಿಂದಲೇ ಹೇಳುತ್ತ ಬಂದ: ಮಧ್ಯಾಹ್ನವೇ ಆರ್ಡರಾಯ್ತು, ಮುಂದಿನ ವಾಯಿದೆ ಗಂಟ ಯಾರೂ ಮುಟ್ಟಂಗಿಲ್ಲ. ಹೆಂಡತಿ ತೋಟದ ಕಡೆ ಕೈ ತೋರಿಸಿದಳು. ಅವನ ಮುಖ ನೋಡಲಾರದೆ ಒಳಗೆ ಹೋದಳು.

ಅವನು ಪಕ್ಕದ ಮನೆಯ ಫೋನಿನಿಂದ ಸುಚಿತ್ರಾಳನ್ನು ಹಿಡಿದ. ಆರ್ಡರು ಬರುವ ಮೊದಲೇ ಸ್ವಾಧೀನ ಹೋಗಿಬಿಟ್ಟಿದೆ ಎಂದು ಕೇಳಿ ಅವಳು ಯಂತ್ರ ಇಳಿದ ಹೊತ್ತನ್ನು ಬರೆದುಕೊಂಡಳು. ಸೊಪ್ಪು ಎತ್ತಲು ಅನುಮತಿ ಕೇಳಿ ಅರ್ಜಿ ಹಾಕುತ್ತೇನೆ ಎಂದಳು. ಆದರೆ ನಾಳೆ ಎರಡನೇ ಶನಿವಾರ, ಮಾರನೇ ದಿನ ಭಾನುವಾರ, ಕೋರ್ಟು ತೆರೆಯುವುದು ಸೋಮವಾರ. ಅಷ್ಟರ ತನಕ ಹುಳ ತಡೆಯುತ್ತವೆಯೇ ಎಂದು ಕೇಳಿದಳು. ದೇವರಾಜು ಹಿಂದೆಯೇ ಬಂದು ನಿಂತಿದ್ದ ಹೆಂಡತಿಯ ಕಡೆ ತಿರುಗಿದ. ಸಿದ್ದಮ್ಮ ಇಲ್ಲವೆಂದು ತಲೆಯಾಡಿಸಿದಳು.

ಯಲ್ಲಮ್ಮ ತನ್ನ ಹುಳಗಳ ಪಾಲಿನಿಂದಲೇ ಒಂದು ಮಂಕರಿ ಸೊಪ್ಪು ತಂದು ಸುಣ್ಣದ ಗೆರೆಯ ಆಚೆ ಇಟ್ಟಳು. ಇಟ್ಟು ಹೋಗಲಿಲ್ಲ. ಸೆರಗಿನ ತುದಿ ತಿರುಚುತ್ತ ನಿಂತಳು.

"ನಮ್ಮನೇಗೂ ಬಂದಿದ್ದ ಕಣಕ್ಕ ಅಮೀನ," ಎಂದಳು. "ನಾನೂ ಹಂಗೇ ಹೇಳಿ ಕಳುಸ್ಬುಟ್ಟೆ."

ಸಿದ್ದಮ್ಮ ಮಂಕರಿ ಎತ್ತಿಕೊಂಡಳು. ನಾಳೆಯೇ ಸುಚಿತ್ರಮ್ಮನ ಹತ್ತಿರ ಹೋಗು ಎಂದಷ್ಟೇ ಹೇಳಿದಳು.

ಒಂದು ಮಂಕರಿ ಸೊಪ್ಪು ಒಂದು ಸಾಲಿನ ತಟ್ಟೆಗಳಿಗೂ ಸಾಲಲಿಲ್ಲ. ಶನಿವಾರ ಬೆಳಿಗ್ಗೆ ಮಳೆಯ ಸದ್ದು ನಿಂತಿತ್ತು. ಹುಳಗಳು ಕಡ್ಡಿಗಳನ್ನೂ ಸವರಿ ಮುಗಿಸಿ, ಎದೆಯೆತ್ತಿ, ತಲೆಗಳನ್ನು ಗಾಳಿಯಲ್ಲಿ ಆಚೆ ಈಚೆ ಆಡಿಸುತ್ತಿದ್ದವು. ಮಧ್ಯಾಹ್ನದ ಮೇಲೆ ಆಡಿಸುವುದನ್ನೂ ಬಿಟ್ಟು, ತಲೆಯೆತ್ತಿದ ಹಾಗೇ ನಿಂತವು. ಜಗಲಿಯ ಮೇಲೇ ಕೂತಿದ್ದ ಕೆಂಪಯ್ಯ ಆಗ ಎದ್ದು ಒಳಗೆ ಬಂದ.

"ಜ್ವರಕ್ಕೆ ಕೂತಂಗೆ ಕೂತವೆ ನೋಡಿ ಮಾವ," ಎಂದಳು ಸಿದ್ದಮ್ಮ.

ಅವನು ಒಂದು ತಟ್ಟೆಯ ಅಂಚು ಹಿಡಿದು ಬಾಗಿ ನೋಡಿದ.

"ಕಡೇ ಜ್ವರ ಮುಗ್ದೋಯ್ತಲ್ಲವ್ವ," ಎಂದ.

ಭಾನುವಾರ ಹುಳಗಳು ತಟ್ಟೆಗಳಿಂದ ಉದುರತೊಡಗಿದವು. ಗುಡಿಸಿದಷ್ಟೂ ಉದುರಿದವು. ಸಿದ್ದಮ್ಮ ಮೊದಮೊದಲು ಎತ್ತಿ ಮತ್ತೆ ತಟ್ಟೆಗೆ ಹಾಕುತ್ತಿದ್ದಳು, ಆಮೇಲೆ ಹಾಕಲಿಲ್ಲ. ದೇವರಾಜು ಸೊಪ್ಪು ಹುಡುಕಿಕೊಂಡು ವಿರೂಪಾಕ್ಷಿಪುರದ ತನಕ ಹೋಗಿ ಬರಿಗೈಯಲ್ಲಿ ಬಂದಿದ್ದ. ಮಾರನೇ ದಿನ ಅನುಮತಿ ಕೇಳಲು ಅವನು ಕೋರ್ಟಿಗೆ ಹೊರಟಾಗ, ಯಾಕೆ ಹೋಗುತ್ತೀಯ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಅವನು ಹೋದ ಸ್ವಲ್ಪ ಹೊತ್ತಿಗೆ ಮೊಪೆಡ್ಡಿನ ಸದ್ದಾಯಿತು. ಯಥಾಸ್ಥಿತಿಯ ಆರ್ಡರನ್ನು ಎರಡೂ ಕಡೆಯವರಿಗೆ ಮುಟ್ಟಿಸಲು ಶುಕೂರ್ ಸಾಬರು ಬಂದಿದ್ದರು. ಎಂದಿನಂತೆ ಸುಣ್ಣದ ಗೆರೆಯ ಆಚೆ ಮೊಪೆಡ್ಡು ನಿಲ್ಲಿಸಿದರು. ಎಂದಿನಂತೆ ಕೆಂಪಯ್ಯನ ಹೆಸರು ಹಿಡಿದು ಕೂಗಿದರು, ಆದರೆ ಮೆಲ್ಲಗೆ. ಗೋಡೆಯ ಮೇಲೆ ಸುಣ್ಣ ಕೆರೆದು ಹೋದ ಜಾಗವನ್ನು ನೋಡಿ ಕಣ್ಣು ಬೇರೆ ಕಡೆಗೆ ತಿರುಗಿಸಿದರು. ಇವತ್ತೂ ಬಾಗಿಲ ಸಂದಿಯಿಂದ ಮಾತು ಬರುತ್ತದೆ, ಅಂಟಿಸಿ ಹೋಗಬೇಕಾಗುತ್ತದೆ ಎಂದುಕೊಂಡೋ ಏನೋ, ಅಂಟಿನ ಡಬ್ಬಿಗೆ ಕೈ ಹಾಕಿದರು.

ಸಿದ್ದಮ್ಮ ಬಾಗಿಲಿನ ಎರಡೂ ರೆಕ್ಕೆಗಳನ್ನು ತೆರೆದಳು. ಕಟ್ಟಿದ್ದ ಬೇವಿನ ಸೊಪ್ಪನ್ನು ಕಿತ್ತು ಪಕ್ಕಕ್ಕೆ ಹಾಕಿದಳು.

"ಬನ್ನಿ ಸಾಮಿ, ಒಳಕ್ಕೆ ಬನ್ನಿ," ಎಂದಳು.

ಸಾಬರು ಗೆರೆಯ ಹತ್ತಿರ ನಿಂತು ಚಪ್ಪಲಿ ಬಿಡಲು ಹೋದರು. ಹಾಕ್ಕೊಂಡೇ ಬನ್ನಿ ಎಂದಳು ಸಿದ್ದಮ್ಮ. ಅವರು ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟರು. ಎಷ್ಟೋ ವರ್ಷ ಈ ಊರಿನ ಬಾಗಿಲುಗಳ ಆಚೆ ನಿಂತವರು, ಒಳಗಿನ ಆ ಮಳೆಯ ಸದ್ದು ಅವರಿಗೂ ಗೊತ್ತಿತ್ತು. ಈಗ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಮೂಲೆಯಲ್ಲಿ ಕೆಂಪಯ್ಯ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ತಲೆಯೆತ್ತಿ ನೋಡಲಿಲ್ಲ.

ಸಾಬರು ರುಜು ಹಾಕುವ ಜಾಗ ತೋರಿಸಿದರು. ಸಿದ್ದಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ರುಜು ಹಾಕಿ, ಎರಡೂ ಕೈ ಚಾಚಿ ಕಾಗದ ಇಸಿದುಕೊಂಡಳು.